ಬೆವೆಲ್ ಗೇಜಿನಲ್ಲಿ ಡಿಗ್ರಿ ಹುಡುಕಬೇಡಿ: ಓರೆ ಕೋನ ಹಿಡಿಯುವ, ಸಾಗಿಸುವ, ಗೀರುವ ಬಗೆ

ಬೆವೆಲ್ ಗೇಜ್ ಹೊಸದಾಗಿ ಕೊಂಡವರು ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇದರ ಮೇಲೆ ಡಿಗ್ರಿ ಎಲ್ಲೂ ಬರೆದಿಲ್ಲವಲ್ಲ, ನನಗೆ ಸಿಕ್ಕಿದ ಪೀಸೇ ಸರಿ ಇಲ್ಲವೇನೋ?’ ಪೀಸು ಸರಿಯಾಗಿಯೇ ಇದೆ. ಅದರ ಮೇಲೆ ಅಂಕಿ ಇರುವುದೇ ಇಲ್ಲ. ಅಳೆಯುವ ಕೆಲಸ ಕೋನಮಾಪಕದ್ದು. ಬೆವೆಲ್ ಗೇಜ್ ಮಾಡುವುದು ಒಂದು ಕಡೆಯ ಕೋನವನ್ನು ಹಿಡಿದುಕೊಂಡು, ಕದಲಿಸದೆ, ಇನ್ನೊಂದು ಕಡೆಗೆ ಒಯ್ದು ಕೊಡುವ ಕೆಲಸ. ದರ್ಜಿ ಟೇಪು ಹಿಡಿಯದೆ ಹಳೆಯ ಅಂಗಿಯನ್ನೇ ಹೊಸ ಬಟ್ಟೆಯ ಮೇಲೆ ಹಾಸಿ ಗುರುತು ಮಾಡಿಕೊಂಡ ಹಾಗೆ.

ಇಷ್ಟು ಮನಸ್ಸಿಗೆ ಬಂದರೆ ಉಳಿದದ್ದು ಕೈಯ ಅಭ್ಯಾಸ. ಕುರ್ಚಿಯ ಕಾಲು ಎಷ್ಟು ಓರೆಯಾಗಿದೆ ಎಂದು ಅಳೆದು, 11 ಎಂದು ಬರೆದುಕೊಂಡು, ಆ 11ನ್ನು ಗರಗಸದ ಯಂತ್ರದಲ್ಲಿ ಮತ್ತೆ ಹೊಂದಿಸುವಾಗ ನೀವು ಎರಡು ಸಲ ಅಂಕಿ ಓದುತ್ತೀರಿ, ಎರಡು ಸಲ ತಪ್ಪಲು ಅವಕಾಶ ಕೊಡುತ್ತೀರಿ. ನಿಜವಾದ ಕೋನ 11.4 ಆಗಿದ್ದರೆ ಆ 0.4 ಅಲ್ಲೇ ಕಳೆದುಹೋಯಿತು. ಗೇಜನ್ನು ಕಾಲಿಗೆ ಹಿಡಿದು, ಬಿಗಿದು, ಹಾಗೇ ಯಂತ್ರಕ್ಕೆ ಒಯ್ದರೆ ಎಷ್ಟು ಡಿಗ್ರಿ ಎಂದು ಯಾರೂ ಕೇಳಬೇಕಾಗಿಯೇ ಇಲ್ಲ.

ಏನೇನು ಬೇಕು

ಬೆವೆಲ್ ಗೇಜಿನಲ್ಲಿ ಮೂರೇ ಭಾಗ. ದಪ್ಪನೆಯ ಹಿಡಿ: ಮರದ್ದೋ ಲೋಹದ್ದೋ ಇರುತ್ತದೆ, ಹಲಗೆಯ ಅಂಚಿಗೆ ಒರಗುವುದು ಇದೇ. ತೆಳ್ಳನೆಯ ಅಲಗು: ನಡುವೆ ಉದ್ದ ಸೀಳು ಇರುವ ಉಕ್ಕಿನ ಪಟ್ಟಿ, ಆ ಸೀಳಿನಿಂದಾಗಿ ತಿರುಗುವುದರ ಜೊತೆಗೆ ಹಿಂದೆ ಮುಂದೆ ಜಾರುತ್ತದೆ. ಮೂರನೆಯದು ಇವೆರಡನ್ನೂ ಬಿಗಿಯುವ ಸ್ಕ್ರೂ. ಇದು ಕೆಲವದರಲ್ಲಿ ತಿರುಗುವ ಜಾಗದಲ್ಲೇ ಇರುವ ವಿಂಗ್ ನಟ್, ಕೆಲವದರಲ್ಲಿ ಚಿಕ್ಕ ಲಿವರ್, ಇನ್ನು ಕೆಲವದರಲ್ಲಿ ಹಿಡಿಯ ಬುಡದಲ್ಲಿರುವ ತಿರುಪು. ನನ್ನ ಮಟ್ಟಿಗೆ ಬುಡದ ತಿರುಪೇ ಒಳ್ಳೆಯದು. ವಿಂಗ್ ನಟ್ಟಿನ ಕಿವಿ ಎದ್ದು ನಿಂತರೆ ಗೇಜನ್ನು ಮಗುಚಿದಾಗ ಹಲಗೆಯ ಮೇಲೆ ಸಪಾಟಾಗಿ ಕೂರುವುದಿಲ್ಲ. ಮಗುಚುವುದಂತೂ ಈ ಕೆಲಸದಲ್ಲಿ ದಿನಕ್ಕೆ ಹತ್ತು ಸಲ.

ಜೊತೆಗೆ ಟ್ರೈ ಸ್ಕ್ವೇರ್, ಅಂದರೆ 90 ಡಿಗ್ರಿಯ ಮೂಲೆಮಟ್ಟ. ಉಕ್ಕಿನ ಸ್ಕೇಲು, ಕೈವಾರ, ಗೆರೆ ಗೀರಲು ಚೂಪಾದ ಚಾಕು ಅಥವಾ 0.5 ಮಿ.ಮೀ. ಪೆನ್ಸಿಲ್, ಮತ್ತು ಒಂದು ಅಂಚಾದರೂ ನೇರ ಇರುವ ಪ್ಲೈವುಡ್ ತುಂಡು. ಕಡೆಯದನ್ನು ಬಿಡಬೇಡಿ, ಅರ್ಧ ಲೆಕ್ಕ ಅದರ ಮೇಲೆಯೇ ನಡೆಯುತ್ತದೆ.

1. ಮೊದಲು ಗೇಜನ್ನೇ ಪರೀಕ್ಷಿಸಿ

ಸ್ಕ್ರೂ ಬಿಗಿದು ಅಲಗಿನ ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ. ಕದಲಿದರೆ ಆ ಗೇಜ್ ಯಾವ ಕೋನವನ್ನೂ ಉಳಿಸಿಕೊಳ್ಳುವುದಿಲ್ಲ. ಹೆಚ್ಚಿನ ಸಲ ಕಾರಣ ಚಿಕ್ಕದೇ: ಸೀಳಿನೊಳಗೆ ಮರದ ಪುಡಿ, ವಾಷರಿಗೆ ಎಣ್ಣೆ ಮೆತ್ತಿರುವುದು. ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಜೋಡಿಸಿ. ಆಮೇಲೂ ಜಾರುತ್ತಿದ್ದರೆ ಅದನ್ನು ಕೆಲಸಕ್ಕೆ ಬಳಸಬೇಡಿ.

ಅಲಗಿನ ಎರಡೂ ಅಂಚು ನೇರ ಇವೆಯೇ ಎಂದು ನೋಡಲು ಬೆಳಕಿನ ಎದುರು ಸ್ಕೇಲಿಗೆ ತಾಗಿಸಿ ಹಿಡಿಯಿರಿ. ನಡುವೆ ಬೆಳಕಿನ ಎಳೆ ಕಂಡರೆ ಅಂಚು ಸವೆದಿದೆ. ಹಿಡಿಯ ಒರಗುವ ಮುಖವನ್ನೂ ಹೀಗೇ ನೋಡಿ. ಒಂದು ಸಲ ನೆಲಕ್ಕೆ ಬಿದ್ದ ಗೇಜನ್ನು ಮತ್ತೆ ಕೈಗೆತ್ತಿಕೊಳ್ಳುವ ಮುಂಚೆ ಈ ಎರಡು ನಿಮಿಷ ಖರ್ಚು ಮಾಡಿ.

2. ಇರುವ ಕೋನವನ್ನು ಹಿಡಿಯುವುದು

ಸ್ಕ್ರೂವನ್ನು ಪೂರ್ತಿ ಸಡಿಲಿಸಬೇಡಿ. ಅಲಗು ಸ್ವಲ್ಪ ಬಿಗಿಯಾಗಿ, ಒತ್ತಿದರೆ ತಿರುಗುವಷ್ಟು, ಬಿಟ್ಟರೆ ನಿಲ್ಲುವಷ್ಟು ಇರಲಿ. ಹಿಡಿಯನ್ನು ಒಂದು ಮುಖಕ್ಕೆ ಪೂರ್ತಿ ಒರಗಿಸಿ, ಆಮೇಲೆ ಅಲಗನ್ನು ಇನ್ನೊಂದು ಮುಖಕ್ಕೆ ತಂದು ತಾಗಿಸಿ. ಹಿಡಿ ಮೊದಲು, ಅಲಗು ಆಮೇಲೆ. ಎರಡನ್ನೂ ಒಟ್ಟಿಗೆ ಹೊಂದಿಸಲು ಹೋದರೆ ಎರಡೂ ಅರ್ಧಂಬರ್ಧ ಕೂರುತ್ತವೆ.

ಇಕ್ಕಟ್ಟಿನ ಜಾಗವಾದರೆ ಅಲಗನ್ನು ಸೀಳಿನಲ್ಲಿ ಹಿಂದಕ್ಕೆ ಜಾರಿಸಿ, ಬೇಕಾದಷ್ಟೇ ಉದ್ದ ಹೊರಗೆ ಬಿಡಿ. ಆದರೆ ಜಾಗ ಇರುವಲ್ಲಿ ಉದ್ದ ಬಿಟ್ಟಷ್ಟೂ ಒಳ್ಳೆಯದು. 1 ಡಿಗ್ರಿಯ ತಪ್ಪು 50 ಮಿ.ಮೀ. ದೂರದಲ್ಲಿ 1 ಮಿ.ಮೀ.ಗೂ ಕಡಿಮೆ, ಕಣ್ಣಿಗೆ ಬೀಳದೆ ಹೋಗಬಹುದು. ಅದೇ ತಪ್ಪು 200 ಮಿ.ಮೀ. ದೂರದಲ್ಲಿ 3.5 ಮಿ.ಮೀ. ಆಗಿ ಎದ್ದು ಕಾಣುತ್ತದೆ.

ಈಗ ಬಿಗಿಯುವುದು. ಬಹಳ ಜನರ ಕೋನ ತಪ್ಪುವುದು ಇಲ್ಲೇ. ಸ್ಕ್ರೂ ತಿರುಗಿಸುವಾಗ ಅಲಗನ್ನೂ ಅದು ತನ್ನ ಜೊತೆಗೆ ಒಂದಿಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ಬಿಗಿದ ಮೇಲೆ ಗೇಜನ್ನು ತೆಗೆದು, ಮತ್ತೆ ಅದೇ ಜಾಗಕ್ಕೆ ಇಟ್ಟು, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಅಲಗಿನ ಬುಡದಿಂದ ತುದಿಯವರೆಗೆ ಎಲ್ಲೂ ಬೆಳಕು ನುಸುಳಬಾರದು. ತುದಿಯಲ್ಲಿ ಮಾತ್ರ ಕಂಡರೆ ಅಥವಾ ಬುಡದಲ್ಲಿ ಮಾತ್ರ ಕಂಡರೆ ಕೋನ ಕದಲಿದೆ. ನಡುವೆ ಮಾತ್ರ ಕಂಡರೆ ನಿಮ್ಮ ಗೇಜಿನದಲ್ಲ ತಪ್ಪು, ಮರದ ಮುಖವೇ ತಗ್ಗಾಗಿದೆ.

3. ನಕ್ಷೆಯಲ್ಲಿ ಅಂಕಿ ಕೊಟ್ಟಿದ್ದರೆ

ನಕಲು ಮಾಡಲು ಎದುರಿಗೆ ಏನೂ ಇಲ್ಲ, ಕಾಗದದಲ್ಲಿ ‘10 ಡಿಗ್ರಿ’ ಎಂದು ಮಾತ್ರ ಇದೆ ಎಂದುಕೊಳ್ಳಿ. ಶಾಲೆಯ ಪೆಟ್ಟಿಗೆಯ ಚಿಕ್ಕ ಕೋನಮಾಪಕ ಇದಕ್ಕೆ ಸಾಲದು. ಅದರ ಗೆರೆಗಳ ನಡುವೆ 1 ಮಿ.ಮೀ. ಜಾಗವೂ ಇರುವುದಿಲ್ಲ. ಅದಕ್ಕಿಂತ ಸ್ಕೇಲು ಹಿಡಿದು ಲಂಬಕೋನ ತ್ರಿಭುಜ ಬರೆಯುವುದು ನಿಖರ.

ಪ್ಲೈವುಡ್ಡಿನ ನೇರ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಅಲ್ಲಿಂದ ಮೂಲೆಮಟ್ಟ ಹಿಡಿದು ಅಂಚಿಗೆ ಲಂಬವಾಗಿ ಗೆರೆ ಎಳೆದು 200 ಮಿ.ಮೀ.ಗೆ ಗುರುತು ಹಾಕಿ. ಆ ಗುರುತಿನಿಂದ ಅಂಚಿಗೆ ಸಮಾನಾಂತರವಾಗಿ, ಪಕ್ಕಕ್ಕೆ, ಕೆಳಗಿನ ಅಳತೆಯಷ್ಟು ಸರಿದು ಇನ್ನೊಂದು ಚುಕ್ಕೆ ಇಡಿ. ಎರಡೂ ಚುಕ್ಕೆ ಸೇರಿಸಿದರೆ ನಿಮ್ಮ ಓರೆ ಗೆರೆ ಸಿಕ್ಕಿತು.

5 ಡಿಗ್ರಿಗೆ 17.5 ಮಿ.ಮೀ.
7.5 ಡಿಗ್ರಿಗೆ 26.3
10 ಡಿಗ್ರಿಗೆ 35.3
12 ಡಿಗ್ರಿಗೆ 42.5
15 ಡಿಗ್ರಿಗೆ 53.6
20 ಡಿಗ್ರಿಗೆ 72.8
22.5 ಡಿಗ್ರಿಗೆ 82.8
30 ಡಿಗ್ರಿಗೆ 115.5

ಪಟ್ಟಿಯಲ್ಲಿ ಇಲ್ಲದ ಕೋನವಾದರೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ಆ ಡಿಗ್ರಿಯ ಟ್ಯಾನ್ ತೆಗೆದು 200ರಿಂದ ಗುಣಿಸಿ. ಹಲಗೆ ಅಷ್ಟು ಅಗಲ ಇಲ್ಲವೆಂದಾದರೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ, ನಿಖರತೆಯೂ ಅರ್ಧವಾಯಿತು ಎಂಬುದು ನೆನಪಿರಲಿ. 45 ಡಿಗ್ರಿಗೆ ಲೆಕ್ಕವೇ ಬೇಡ, ಎರಡೂ ಬದಿ ಸಮ.

ಡವ್‌ಟೇಲ್ ಜೋಡಣೆಗೆ, ಅಂದರೆ ಪಾರಿವಾಳದ ಬಾಲದಂತೆ ಅಗಲಿಸಿ ಒಂದರೊಳಗೊಂದು ಕೂರುವ ಹಲ್ಲುಗಳಿಗೆ, ಡಿಗ್ರಿಯ ಬದಲು ಅನುಪಾತವೇ ರೂಢಿ. ಮೆದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8. ಮೇಲಕ್ಕೆ 6 ಅಥವಾ 8 ಪಾಲು, ಪಕ್ಕಕ್ಕೆ 1 ಪಾಲು. ಡಿಗ್ರಿಯಲ್ಲಿ ಹೇಳಲೇಬೇಕೆಂದರೆ ಸುಮಾರು 9.5 ಮತ್ತು 7.1. ಓರೆ ಇದಕ್ಕಿಂತ ತುಂಬಾ ಹೆಚ್ಚಾದರೆ ಹಲ್ಲಿನ ಮೂಲೆಯಲ್ಲಿ ಮರದ ಎಳೆ ತುಂಡಾಗಿ ಚಕ್ಕೆ ಏಳುತ್ತದೆ. ತೀರಾ ಕಡಿಮೆಯಾದರೆ ಜೋಡಣೆ ಎಳೆದಾಗ ಕಳಚಿಕೊಳ್ಳುತ್ತದೆ.

ಗೆರೆ ಬರೆದಾಯಿತು, ಗೇಜಿನ ಹಿಡಿಯನ್ನು ಅಂಚಿಗೆ ಒರಗಿಸಿ ಅಲಗನ್ನು ಗೆರೆಗೆ ಕೂರಿಸಿದ್ದಾಯಿತು. ಈಗ ಪರೀಕ್ಷೆ. ಅಂಚಿನ ಒಂದು ಹೊಸ ಚುಕ್ಕೆಯಿಂದ ಗೇಜ್ ಹಿಡಿದು ಒಂದು ಗೆರೆ ಎಳೆಯಿರಿ. ಗೇಜನ್ನು ಮಗುಚಿ ಅದೇ ಚುಕ್ಕೆಯಿಂದ ಇನ್ನೊಂದು. ಎರಡು ಗೆರೆ ‘ವಿ’ ಆಕಾರದಲ್ಲಿ ಅಗಲುತ್ತವೆ. 200 ಮಿ.ಮೀ. ಎತ್ತರದಲ್ಲಿ ಅವುಗಳ ನಡುವಿನ ದೂರ ಪಟ್ಟಿಯ ಅಂಕಿಯ ಎರಡರಷ್ಟಿರಬೇಕು, 10 ಡಿಗ್ರಿಗಾದರೆ 70.6. ತಪ್ಪಿದ್ದರೆ ಅದೂ ದುಪ್ಪಟ್ಟಾಗಿ ಕಾಣುತ್ತದೆ, ಅದೇ ಈ ಪರೀಕ್ಷೆಯ ಲಾಭ.

ಒಂದು ಎಚ್ಚರಿಕೆ. ‘10 ಡಿಗ್ರಿ’ ಎಂದರೆ ಯಾವುದರಿಂದ 10? ಕುರ್ಚಿಯ ನಕ್ಷೆಯಲ್ಲಿ ಅದು ನೆಟ್ಟಗಿನ ಗೆರೆಯಿಂದ ಎಷ್ಟು ಓರೆ ಎಂಬುದು. ಕೋನಮಾಪಕವನ್ನು ಹಲಗೆಯ ಅಂಚಿಗಿಟ್ಟು ನೋಡಿದರೆ ಅದೇ ಗೆರೆ 80 ಎನ್ನುತ್ತದೆ, ಇನ್ನೊಂದು ಬದಿಯಿಂದ ಓದಿದರೆ 100. ಮೈಟರ್ ಗರಗಸದ, ಅಂದರೆ ಬೇಕಾದ ಕೋನಕ್ಕೆ ತಿರುಗಿಸಿ ಓರೆಯಾಗಿ ಕೊಯ್ಯುವ ಗರಗಸದ, ಅಳತೆಪಟ್ಟಿಯಲ್ಲಿ ನೇರ ಕೊಯ್ತಕ್ಕೆ 0 ಎಂದು ಬರೆದಿರುತ್ತದೆ, ಅದೇ ಕೊಯ್ತ ಕೋನಮಾಪಕದಲ್ಲಿ 90. 10, 80, 100 ಮೂರೂ ಸರಿ, ಮೂರೂ ಒಂದೇ ಗೆರೆಯ ಮಾತು. ಅನುಮಾನ ಬಂದರೆ ಅಂಕಿ ಬಿಟ್ಟು ಚಿತ್ರ ನೋಡಿ: ಕಾಲು ಸ್ವಲ್ಪ ಓರೆಯೋ, ಮಲಗಿಯೇ ಬಿಟ್ಟಿದೆಯೋ?

4. ಗೆರೆ ಗೀರುವುದು

ಹಲಗೆಯ ಒಂದು ಮುಖ, ಒಂದು ಅಂಚನ್ನು ಮೊದಲು ಕೀಸುಳಿಯಲ್ಲಿ ನೇರ ಮಾಡಿಕೊಂಡು ಅವಕ್ಕೆ ಪೆನ್ಸಿಲ್ ಗುರುತು ಹಾಕಿ. ಇನ್ನು ಮುಂದೆ ಹಿಡಿ ಒರಗುವುದು ಆ ಅಂಚಿಗೆ ಮಾತ್ರ. ಎದುರಿನ ಅಂಚು ಇದಕ್ಕೆ ಸಮಾನಾಂತರ ಇದೆ ಎಂದು ನಂಬಿ ಅಲ್ಲಿಂದಲೂ ಗೆರೆ ಎಳೆದರೆ, ಇಲ್ಲದಿದ್ದಾಗ ಎರಡು ಗೆರೆ ಎರಡು ದಿಕ್ಕಿಗೆ ಹೋಗುತ್ತವೆ. ಕಾಲನ್ನು ತುದಿಗೆ ಸಪೂರ ಮಾಡುವ ಯೋಚನೆಯಿದ್ದರೆ ಕೋನದ ಗುರುತೆಲ್ಲ ಮುಗಿದ ಮೇಲೆ ಸಪೂರ ಮಾಡಿ.

ಹೆಬ್ಬೆರಳಿನಿಂದ ಹಿಡಿಯನ್ನು ಅಂಚಿಗೆ ಒತ್ತಿ, ಉಳಿದ ಬೆರಳುಗಳನ್ನು ಅಲಗಿನ ಮೇಲೆ ಹರಡಿ. ಚಾಕುವಿನ ಮೊದಲ ಎಳೆತ ತೀರಾ ಹಗುರ, ಗೆರೆ ಕಂಡೂ ಕಾಣದಷ್ಟು. ಎರಡನೆಯದು ಅದೇ ಹಾದಿಯಲ್ಲಿ ಸ್ವಲ್ಪ ಒತ್ತಿ. ಮೊದಲೇ ಬಲ ಹಾಕಿದರೆ ಚಾಕು ಮರದ ಎಳೆಯ ಹಿಂದೆ ಹೋಗುತ್ತದೆ, ಓರೆ ಗೆರೆಯಲ್ಲಿ ಇದು ಇನ್ನೂ ಹೆಚ್ಚು. ಪೆನ್ಸಿಲಾದರೆ ಅದನ್ನು ಅಲಗಿನ ಕಡೆಗೆ ಬಾಗಿಸಿ, ಮೊನೆ ಅಲಗಿಗೆ ತಾಗಿಕೊಂಡೇ ಹೋಗಲಿ.

ಹಲಗೆಯ ತುದಿಯ ಹತ್ತಿರ ಗುರುತು ಹಾಕುವಾಗ ಹಿಡಿಯ ಅರ್ಧ ಭಾಗ ಗಾಳಿಯಲ್ಲಿ ಉಳಿಯುತ್ತದೆ. ಆಗ ಅದು ತಿಳಿಯದಂತೆ ವಾಲುತ್ತದೆ. ಅರ್ಧಕ್ಕಿಂತ ಹೆಚ್ಚು ಹಿಡಿ ಮರದ ಮೇಲೆ ಇರುವಂತೆ ನೋಡಿಕೊಳ್ಳಿ. ಆಗದಿದ್ದರೆ ಅಷ್ಟೇ ದಪ್ಪದ ಇನ್ನೊಂದು ನೇರ ತುಂಡನ್ನು ಪಕ್ಕದಲ್ಲಿ ಜೋಡಿಸಿ ಅಂಚನ್ನು ಉದ್ದ ಮಾಡಿಕೊಳ್ಳಿ.

ಗೆರೆ ಎಳೆದ ಕೂಡಲೇ ಕತ್ತರಿಸಿ ಬಿಸಾಡುವ ಬದಿಗೆ ಒಂದು ಇಂಟು ಗುರುತು ಹಾಕಿ. ಗರಗಸ ಆ ಬದಿಯಲ್ಲೇ ಹೋಗಬೇಕು.

5. ನಾಲ್ಕೂ ಮುಖಕ್ಕೆ ಗೆರೆ ಸುತ್ತಿಸುವುದು

ಕೈಗರಗಸದಲ್ಲಿ ಓರೆಯಾಗಿ ಕೊಯ್ಯಬೇಕೆಂದರೆ ಮುಂದೆ, ಹಿಂದೆ, ಎರಡೂ ಪಕ್ಕ, ಎಲ್ಲ ಕಡೆ ಗೆರೆ ಬೇಕು. ಕೆಲಸ ಕೈಕೊಡುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಮುಂಭಾಗದ ಮುಖದಲ್ಲಿ ಬೆವೆಲ್ ಗೇಜಿನಿಂದ ಓರೆ ಗೆರೆ ಎಳೆಯಿರಿ, ಹಿಡಿ ಗುರುತು ಮಾಡಿದ ಅಂಚಿನ ಮೇಲೆ. ಗೆರೆ ಎರಡೂ ಅಂಚು ಮುಟ್ಟಿದ ಜಾಗಗಳಿಂದ ಪಕ್ಕದ ಮುಖಗಳಿಗೆ ಮೂಲೆಮಟ್ಟದಿಂದ ನೇರ ಗೆರೆ ಒಯ್ಯಿರಿ. ಕಾಲು ಒಂದೇ ದಿಕ್ಕಿಗೆ ಓರೆಯಾಗಿದ್ದರೆ ಪಕ್ಕದ ಗೆರೆಗಳು 90 ಡಿಗ್ರಿಯೇ. ಈಗ ಹಿಂಭಾಗ. ಹಲಗೆಯನ್ನು ತಿರುಗಿಸಿದ್ದೀರಿ, ಹಿಂದಿನಿಂದ ನೋಡಿದರೆ ಗೆರೆ ವಾಲಬೇಕಾದ್ದು ವಿರುದ್ಧ ದಿಕ್ಕಿಗೆ. ಹಿಡಿಯನ್ನು ಮತ್ತೆ ಅದೇ ಅಂಚಿನ ಮೇಲೆ ಇಡಿ, ಆದರೆ ಗೇಜನ್ನು ಮಗುಚಿ. ಅಂಚು ಅದೇ, ಗೇಜ್ ಮಗುಚಿದ್ದು: ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಹಿಂದಿನ ಗೆರೆ ಎರಡು ಪಕ್ಕದ ಗೆರೆಗಳ ತುದಿಗೆ ಸರಿಯಾಗಿ ಬಂದು ಕೂಡಿದರೆ ಗೆಲುವು. ಅರ್ಧ ಮಿ.ಮೀ. ತಪ್ಪಿದರೆ ಹಿಡಿ ಎಲ್ಲೋ ಸರಿಯಾಗಿ ಒರಗಿಲ್ಲ ಅಥವಾ ಮರ ಚೌಕವಾಗಿಲ್ಲ.

ಎರಡು ದಿಕ್ಕಿಗೂ ಓರೆಯಾದ ಕಾಲಿಗೆ ಪಕ್ಕದ ಮುಖಗಳಲ್ಲೂ ಓರೆ ಗೆರೆಯೇ ಬೇಕು. ಎರಡು ಗೇಜ್ ಇದ್ದರೆ ಒಂದೊಂದು ಕೋನಕ್ಕೆ ಒಂದೊಂದನ್ನು ಬಿಗಿದಿಡಿ. ಒಂದೇ ಗೇಜನ್ನು ಹಿಂದೆ ಮುಂದೆ ಬದಲಿಸುತ್ತಾ ಹೋದರೆ ನಾಲ್ಕನೆಯ ಕಾಲಿನ ಹೊತ್ತಿಗೆ ಕೋನ ಬೇರೆಯೇ ಆಗಿರುತ್ತದೆ.

ಕಾಲಿನ ಮೇಲ್ತುದಿ ಮತ್ತು ಬುಡ ಒಂದಕ್ಕೊಂದು ಸಮಾನಾಂತರ ಇರಬೇಕು, ಹಾಗಿದ್ದರೆ ತಾನೇ ಮೇಲೆ ಆಸನ, ಕೆಳಗೆ ನೆಲ ಎರಡಕ್ಕೂ ಕೂರುವುದು. ಅಲ್ಲಿ ಮಾತ್ರ ಗೇಜನ್ನು ಮಗುಚದೆ ಅದೇ ಅಂಚಿನಲ್ಲಿ ಜಾರಿಸಿಕೊಂಡು ಹೋಗಬೇಕು. ಒಂದು ಸ್ಟೂಲಿನ ಮೂರು ಕಾಲನ್ನು ನಾನು ಹೀಗೆ ಸರಿಯಾಗಿಯೇ ಕೊಯ್ದೆ. ನಾಲ್ಕನೆಯದರ ಬುಡಕ್ಕೆ ಬಂದಾಗ ಅಭ್ಯಾಸಬಲದಿಂದ ಮಗುಚಿ ಗೀರಿದೆ. ನೆಲಕ್ಕೆ ಒಂದು ಮೂಲೆ ಮಾತ್ರ ತಾಗುವ ಆ ಕಾಲು ಈಗ ಗೋಡೆಗೆ ಬಡಿದ ಗೂಟವಾಗಿದೆ, ಅಂಗಿ ನೇತುಹಾಕುತ್ತೇನೆ.

6. ಚೌಕವಲ್ಲದ ಮೂಲೆಗೆ ಮೈಟರ್

ಮೈಟರ್ ಎಂದರೆ ಎರಡು ಪಟ್ಟಿಗಳು ಮೂಲೆಯಲ್ಲಿ ಓರೆಯಾಗಿ ಕೂಡುವ ಜೋಡಣೆ, ಫೋಟೊ ಚೌಕಟ್ಟಿನ ಮೂಲೆಯ ಹಾಗೆ. ಗೋಡೆಯ ಬುಡಕ್ಕೆ ಮರದ ಪಟ್ಟಿ ಹೊಡೆಯುವಾಗ ಎಲ್ಲರೂ 45ಕ್ಕೆ ಕೊಯ್ಯುತ್ತಾರೆ, ಎಲ್ಲರಿಗೂ ಸಂದು ಉಳಿಯುತ್ತದೆ. ಗೋಡೆಗಳ ಮೂಲೆ 90 ಇರುವುದೇ ಅಪರೂಪ. ಪಟ್ಟಿಯ ಗೋಡೆಗೆ ತಾಗುವ ಮುಖದಿಂದ ಅಳೆದರೆ, ಮೂಲೆ 92 ಇದ್ದಾಗ ಪ್ರತಿ ಪಟ್ಟಿಗೆ 46, 88 ಇದ್ದಾಗ 44.

ಪಟ್ಟಿ ಕೂರುವ ಎತ್ತರದಲ್ಲೇ ಗೇಜನ್ನು ಮೂಲೆಗೆ ಹಿಡಿಯಿರಿ. ಮೂಲೆಯ ಹತ್ತಿರ ಗಾರೆಯ ಉಬ್ಬು ಇದ್ದರೆ ಕೆರೆದು ತೆಗೆಯಿರಿ, ಇಲ್ಲವೆಂದರೆ ನೀವು ಹಿಡಿಯುವುದು ಉಬ್ಬಿನ ಕೋನವನ್ನು. ಆ ಕೋನವನ್ನು ಪ್ಲೈವುಡ್ಡಿನ ಮೇಲೆ ಬರೆದುಕೊಳ್ಳಿ. ಕೈವಾರದ ಮುಳ್ಳನ್ನು ಕೋನದ ಮೂಲೆಗಿಟ್ಟು ಎರಡೂ ಗೆರೆ ಕತ್ತರಿಸುವಂತೆ ಒಂದು ಕಂಸ ಎಳೆಯಿರಿ. ಕತ್ತರಿಸಿದ ಎರಡು ಚುಕ್ಕೆಗಳಿಂದ ಒಂದೇ ಅಳತೆಯ ಎರಡು ಕಂಸ ಎಳೆದರೆ ಅವು ಒಂದೆಡೆ ಸೇರುತ್ತವೆ. ಅಲ್ಲಿಂದ ಕೋನದ ಮೂಲೆಗೆ ಗೆರೆ ಹಾಕಿ, ಗೇಜನ್ನು ಆ ಅರ್ಧ ಕೋನಕ್ಕೆ ಹೊಂದಿಸಿ. ಶಾಲೆಯಲ್ಲಿ ಕಲಿತ ಕೋನಾರ್ಧಕವೇ ಇದು.

ಬಹುಭುಜದ ಚೌಕಟ್ಟುಗಳಿಗೆ ಲೆಕ್ಕ ಸುಲಭ: 180ನ್ನು ಬದಿಗಳ ಸಂಖ್ಯೆಯಿಂದ ಭಾಗಿಸಿ. ಆರು ಬದಿಗೆ 30, ಎಂಟಕ್ಕೆ 22.5. ಇದು ಮೈಟರ್ ಗರಗಸದ ಅಂಕಿಯ ಹಾಗೆ ನೇರ ಕೊಯ್ತದಿಂದ ಎಷ್ಟು ಓರೆ ಎಂಬ ಲೆಕ್ಕ, ಪಟ್ಟಿಯ ಅಂಚಿನಿಂದ ಅಳೆದರೆ 60 ಮತ್ತು 67.5. ಸುಲಭವಲ್ಲದ್ದು ನಿಖರತೆ. ಆರು ಬದಿಯಲ್ಲಿ ಹನ್ನೆರಡು ಕೊಯ್ತ. ಪ್ರತಿಯೊಂದೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೆಯ ಜೋಡಣೆಯಲ್ಲಿ 6 ಡಿಗ್ರಿಯ ಸಂದು ಬಾಯಿ ತೆರೆದಿರುತ್ತದೆ. ಒಳ್ಳೆಯ ಮರಕ್ಕೆ ಗರಗಸ ಹಚ್ಚುವ ಮೊದಲು ಬೇಡದ ತುಂಡುಗಳಲ್ಲಿ ಪೂರ್ತಿ ಒಂದು ಸುತ್ತು ಕೊಯ್ದು ಜೋಡಿಸಿ ನೋಡಿ.

7. ಯಂತ್ರಕ್ಕೆ ಕೋನ ಕೊಡುವುದು

ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ. ಸ್ವಿಚ್ ಆರಿಸಿದ್ದು ಸಾಲದು.

ಟೇಬಲ್ ಗರಗಸದಲ್ಲಿ ಚಕ್ರವನ್ನು ಪೂರ್ತಿ ಮೇಲೆತ್ತಿ, ಹಿಡಿಯನ್ನು ಮೇಜಿನ ಮೇಲಿಟ್ಟು, ಅಲಗನ್ನು ಚಕ್ರದ ಉಕ್ಕಿನ ಮೈಗೆ ತಾಗಿಸಿ. ಹಲ್ಲಿಗೆ ತಾಗಬಾರದು. ಹಲ್ಲುಗಳು ಚಕ್ರದ ಮೈಗಿಂತ ದಪ್ಪ, ಅಲಗು ಒಂದು ಹಲ್ಲಿನ ಮೇಲೆ ಕೂತರೆ ಕೋನ ತಪ್ಪುತ್ತದೆ. ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಅಲಗು ಹಾಯುವಂತೆ ಚಕ್ರವನ್ನು ಕೈಯಿಂದ ತಿರುಗಿಸಿಕೊಳ್ಳಿ. ಹಿಂದಿನಿಂದ ಬೆಳಕು ಹಿಡಿದು ನೋಡುವುದು ಇಲ್ಲೂ ಇದೆ.

ಮ್ಯಾಗ್ನೆಟ್ ಅಂಟುವ ಡಿಜಿಟಲ್ ಮೀಟರ್ ಇದಕ್ಕೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಅಂಕಿ ಗೊತ್ತಿದ್ದಾಗ ಬೇಗವೂ ಆಗುತ್ತದೆ. ಪ್ರತಿ ಸಲ ಮೊದಲು ಅದೇ ಮೇಜಿನ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಬೇಕು ಅಷ್ಟೆ. ಆದರೆ ಹಳೆಯ ಕುರ್ಚಿಯ ಮುರಿದ ಕಾಲಿಗೆ ಬದಲಿ ಮಾಡುವಾಗ ಆ ಕಾಲು ಯಾವ ಅಂಕಿಯನ್ನೂ ಹೇಳುವುದಿಲ್ಲ. ಅಲ್ಲಿ ಬೆವೆಲ್ ಗೇಜೇ ಸರಿ.

8. ಓರೆಯಾಗಿ ತೂತು ಕೊರೆಯುವುದು

ಸ್ಟೂಲಿನ ಆಸನಕ್ಕೆ ಕಾಲು ಕೂರಿಸುವ ತೂತು ಇದಕ್ಕೆ ಉದಾಹರಣೆ. ಕಾಲು ಯಾವ ದಿಕ್ಕಿಗೆ ವಾಲುತ್ತದೋ ಆ ದಿಕ್ಕಿಗೆ ತೂತಿನ ನಡುವಿನಿಂದ ಆಸನದ ಮೇಲೆ ಒಂದು ಗೆರೆ ಎಳೆಯಿರಿ. ಗೇಜನ್ನು ಆ ಗೆರೆಯ ಮೇಲೆ, ಅಲಗು ಮೇಲೆದ್ದು ನಿಲ್ಲುವಂತೆ ಇಡಿ. ತೂತಿನಿಂದ ಎರಡು ಮೂರು ಇಂಚು ದೂರ ಇರಲಿ, ಡ್ರಿಲ್ಲಿನ ತಲೆ ತಾಗಬಾರದು. ಡ್ರಿಲ್ಲಿನ ಮೊನೆ ಅಲಗಿಗೆ ಸಮಾನಾಂತರ ಇದೆಯೇ ಎಂದು ಪಕ್ಕದಿಂದ ನೋಡುತ್ತಾ ಕೊರೆಯಿರಿ. ಎಡಬಲಕ್ಕೆ ವಾಲದಿರಲು ಗೆರೆಯ ತುದಿಯಲ್ಲಿ ಮೂಲೆಮಟ್ಟವನ್ನು ನಿಲ್ಲಿಸಿಕೊಳ್ಳಿ. ಪಕ್ಕದಲ್ಲಿ ಕೂತು ‘ಸ್ವಲ್ಪ ಆಚೆ, ಸ್ವಲ್ಪ ಈಚೆ’ ಎನ್ನುವ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ಕೆಲಸ ಅರ್ಧಕ್ಕೆ ನಿಂತರೆ

ಬಿಗಿದ ಗೇಜನ್ನು ಮೇಜಿನ ಮೇಲೆ ಬಿಟ್ಟು ಹೋದರೆ ಯಾರದೋ ಕೈ ತಾಗಿ ಕೋನ ಬದಲಾಗಿರುತ್ತದೆ, ನೋಡಿದರೆ ಗೊತ್ತೂ ಆಗುವುದಿಲ್ಲ. ಗೇಜ್ ಹೊಂದಿಸಿದ ಕೂಡಲೇ ಆ ಕೋನವನ್ನು ಪ್ಲೈವುಡ್ ತುಂಡಿನ ಮೇಲೆ ಚಾಕುವಿನಿಂದ ಗೀರಿ, ಪಕ್ಕದಲ್ಲಿ ಯಾವ ಕೆಲಸದ್ದು, ಯಾವ ಅಂಚಿನಿಂದ ಎಂದು ಬರೆದಿಡಿ. ನಾಳೆ ಬೆಳಿಗ್ಗೆ ಗೇಜನ್ನು ಆ ಗೆರೆಗೆ ಹಿಡಿದು ನೋಡಿ ಮುಂದುವರಿಸಬಹುದು. ಇಂಥ ತುಂಡುಗಳಿಗೆ ತೂತು ಹಾಕಿ ಮೊಳೆಗೆ ನೇತುಹಾಕುತ್ತೇನೆ, ಅದೇ ಸ್ಟೂಲನ್ನು ಮತ್ತೊಬ್ಬರು ಕೇಳಿದಾಗ ಲೆಕ್ಕ ಮೊದಲಿನಿಂದ ಮಾಡಬೇಕಿಲ್ಲ.

ಕೆಲಸ ಮುಗಿದ ಮೇಲೆ ಸ್ಕ್ರೂ ಸಡಿಲಿಸಿ, ಪುಡಿ ಊದಿ, ಅಲಗನ್ನು ಹಿಡಿಯೊಳಗೆ ಮಡಿಸಿಡಿ. ಅಲಗಿಗೆ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ. ತಿರುಗುವ ಜಾಗಕ್ಕೆ ಮಾತ್ರ ಆ ಎಣ್ಣೆ ಇಳಿಯದಿರಲಿ.